ಹತ್ತು ತಿಂಗಳ ಮಗಳು ಆಟದಲ್ಲಿ ನನ್ನ ಮುಖವನ್ನೇ ನೋಡುವುದಿಲ್ಲ, ಏಕೆ?

ಅಮ್ಮನೊಡನೆ ಒಂದೇ ಆಟಿಕೆ ಹಿಡಿದು ಬಹಳ ಹೊತ್ತು ಕೂರುವ ಮಗಳು, ನೀವು ಆಡಿಸಲು ಹೋದರೆ ಅಂಬೆಗಾಲಿಟ್ಟು ಹೊರಟೇಬಿಡುತ್ತಾಳೆ ಎಂದು ಬರೆದಿದ್ದೀರಿ. ನನ್ನ ಮಗನೂ ಹಾಗೆಯೇ ಮಾಡುತ್ತಿದ್ದ. ನಾನು ಅವನಿಗೆ ಬೇಡವೇನೋ ಎಂದು ತಿಂಗಳುಗಟ್ಟಲೆ ಕೊರಗಿದ್ದೆ.

ಮೊದಲಿಗೆ, ಮುಖ ನೋಡದಿದ್ದರೆ ಮಗು ನಿಮ್ಮೊಡನೆ ಇಲ್ಲ ಎಂದು ತಿಳಿಯಬೇಡಿ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಚೆನ್ ಯು ಮತ್ತು ಲಿಂಡಾ ಸ್ಮಿತ್, ವರ್ಷದ ಆಸುಪಾಸಿನ ಮಕ್ಕಳಿಗೂ ಹೆತ್ತವರಿಗೂ ತಲೆಗೆ ಪುಟ್ಟ ಕ್ಯಾಮೆರಾ ತೊಡಿಸಿ ಆಡಲು ಬಿಟ್ಟರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಕ್ಕಳು ದೊಡ್ಡವರ ಮುಖ ನೋಡಿದ್ದೇ ಅಪರೂಪ. ಅವರ ಕಣ್ಣು ಆಟಿಕೆ ಹಿಡಿದ ಕೈಗಳ ಮೇಲಿತ್ತು. ಮಗು ನೋಡುತ್ತಿರುವುದನ್ನೇ ದೊಡ್ಡವರೂ ನೋಡಿದರೆ, ಅವರು ದೃಷ್ಟಿ ತೆಗೆದ ಮೇಲೂ ಮಗುವಿನ ಗಮನ ಅದರಲ್ಲಿ ಇನ್ನಷ್ಟು ಹೊತ್ತು ನಿಲ್ಲುತ್ತದೆ ಎಂದು ಇದೇ ಇಬ್ಬರು 2016ರಲ್ಲಿ ತೋರಿಸಿದರು.

ಇದನ್ನು ಓದಿದ ಮೇಲೆಯೇ ನನ್ನ ಹೆಂಡತಿ ಏನು ಮಾಡುತ್ತಿದ್ದಳೆಂದು ನನಗೆ ಕಂಡದ್ದು. ಮಗ ಸ್ಟೀಲ್ ಲೋಟಕ್ಕೆ ಚಮಚ ಹಾಕಿದರೆ ಅವಳೂ ಹಾಕಿ "ಟಣ್" ಎನ್ನುತ್ತಿದ್ದಳು. ನಾನೋ, ಅವನು ಡಬ್ಬಿಯ ಮುಚ್ಚಳದಲ್ಲಿ ಮುಳುಗಿರುವಾಗ ಹೊಸ ಕಾರನ್ನು ಕಣ್ಣ ಮುಂದೆ ಆಡಿಸಿ "ಇಲ್ಲಿ ನೋಡು, ಇಲ್ಲಿ ನೋಡು" ಎಂದು ಅವನ ಗಮನವನ್ನು ಕಿತ್ತು ತರುತ್ತಿದ್ದೆ. ಮಾತು ಕಲಿಯುವುದಕ್ಕೂ ಇದೇ ನಿಯಮ: ಮಗು ಆಗಲೇ ನೋಡುತ್ತಿರುವ ವಸ್ತುವಿನ ಹೆಸರು ಹೇಳಿದರೆ ಅದು ಆ ಹೆಸರನ್ನು ಹೆಚ್ಚು ಚೆನ್ನಾಗಿ ಕಲಿಯುತ್ತದೆ ಎಂದು ಮನೋವಿಜ್ಞಾನಿಗಳಾದ ಟೊಮಾಸೆಲೊ ಮತ್ತು ಫರಾರ್ 1986ರಲ್ಲೇ ತೋರಿಸಿದ್ದರು.

ಹಾಗೆಂದು ನೀವು ಅಮ್ಮನಂತೆಯೇ ಆಡಬೇಕಿಲ್ಲ. ಮೊಣಕಾಲ ಮೇಲೆ ಕೂರಿಸಿ ಕುದುರೆಯಾಟ ಆಡಿಸುತ್ತಾ ನಡುವೆ ತಟ್ಟನೆ ನಿಲ್ಲಿಸಿ, ಸುಮ್ಮನೆ ಕಾಯಿರಿ. ನನ್ನ ಮಗ ತಿರುಗಿ ನನ್ನ ಮುಖವನ್ನು ನೆಟ್ಟಗೆ ನೋಡಲು ಶುರುಮಾಡಿದ್ದು ಆ ಮೌನದಲ್ಲಿ. ಅದಾಗಿ ಕೆಲವು ತಿಂಗಳಿಗೆ ಗೋಡೆಯ ಹಲ್ಲಿಗೆ ಬೆರಳು ತೋರಿಸಿ ನನ್ನತ್ತ ತಿರುಗಿದ. ಅವನಿಗೆ ಹಲ್ಲಿ ಬೇಕಿರಲಿಲ್ಲ, ನಾನೂ ಅದನ್ನು ನೋಡಬೇಕಿತ್ತು, ಅಷ್ಟೇ.

ಹೆಸರು ಹಿಡಿದು ಕರೆದರೆ ನಿಮ್ಮ ಮಗಳು ತಿರುಗುತ್ತಾಳೆಯೇ? ಹಾಗಿದ್ದರೆ ಈಗ ಚಿಂತೆ ಬೇಡ. ಕರೆದರೂ ನೋಡದಿದ್ದರೆ, ಅಥವಾ ಒಂದೂವರೆ ವರ್ಷವಾದರೂ ಏನನ್ನೂ ಬೆರಳು ಮಾಡಿ ನಿಮಗೆ ತೋರಿಸದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿಯ ಪರೀಕ್ಷೆಯನ್ನೂ ಮಾಡಿಸಿ.