ವಿಮೆ ಕಂಪನಿ ದುಡ್ಡು ಬಾಂಡ್‌ನಲ್ಲೇ ಯಾಕೆ?

ಸಿಂಧನೂರಿನ ಸರ್, ಶೇರಿನಲ್ಲಿ ಲಾಭ ಜಾಸ್ತಿ ಇರುವಾಗ ಜೀವವಿಮೆ ಕಂಪನಿಗಳು ಸರ್ಕಾರಿ ಬಾಂಡ್‌ಗೇ (ಸರ್ಕಾರಕ್ಕೆ ಕೊಡೋ ಸಾಲದ ಪತ್ರ) ಯಾಕೆ ಜೋತು ಬೀಳುತ್ತವೆ ಅಂತ ಕೇಳಿದ್ದೀರಿ. ಅವರಿಗೆ ಲಾಭಕ್ಕಿಂತ, ಪಾಲಿಸಿದಾರರಿಗೆ ಮಾತು ಕೊಟ್ಟ ದುಡ್ಡು ತೀರಿಸೋ ಗಡುವು ಮುಖ್ಯ. ನಮ್ಮ ಗಂಗಾವತಿ ಕಡೆ ಗೊಬ್ಬರದ ಅಂಗಡಿ ಸಾಲ ಭತ್ತ ಕೊಯ್ದ ಮೇಲೆ ತೀರಿಸಬೇಕು. ಮುಂದಿನ ವರ್ಷ ಎರಡರಷ್ಟು ಕೊಡ್ತೀನಿ ಅಂದರೆ ಅಂಗಡಿಯವರು ಕೇಳ್ತಾರಾ?

ಒಂದು ಲೆಕ್ಕ ನೋಡಿ. 1 ಲಕ್ಷಕ್ಕೆ 7% ಚಕ್ರಬಡ್ಡಿ ಹಿಡಿದು, 30 ವರ್ಷಕ್ಕೆ ಸುಮಾರು 7.61 ಲಕ್ಷ ಕೊಡ್ತೀವಿ ಅಂತ ಕಂಪನಿ ಮಾತು ಕೊಟ್ಟಿದೆ ಅನ್ನಿ. ಆದರೆ ಕೊಂಡಿದ್ದು 7%ರ 10 ವರ್ಷದ ಬಾಂಡ್. ಅದು ಮುಗಿಯುವ ಹೊತ್ತಿಗೆ ಬಡ್ಡಿ 5%ಗೆ ಇಳಿದು ಅಲ್ಲೇ ನಿಂತರೆ, ಬಂದ ದುಡ್ಡನ್ನು ಉಳಿದ 20 ವರ್ಷ 5%ಗೇ ಹೂಡಬೇಕು; ಕೊನೆಗೆ ಕೈಯಲ್ಲಿರೋದು ಸುಮಾರು 5.22 ಲಕ್ಷ. ಉಳಿದ 2.39 ಲಕ್ಷ ಯಾರ ಜೇಬಿನಿಂದ? ಆಕ್ಚುವರಿಗಳ (ವಿಮೆಯ ಅಪಾಯದ ಲೆಕ್ಕ ಹಾಕೋ ತಜ್ಞರು) ನಿದ್ದೆ ಕೆಡಿಸೋದು ಇಂಥ ಲೆಕ್ಕವೇ.

ಅದಕ್ಕೇ ಅವರಿಗೆ ಉದ್ದ ಅವಧಿಯ ಬಾಂಡ್ ಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 50 ವರ್ಷದ ಬಾಂಡನ್ನೇ ಮಾರಿತು. ವಿಮೆ, ಪಿಂಚಣಿ ನಿಧಿಗಳನ್ನು ಬಿಟ್ಟರೆ ಅಷ್ಟು ವರ್ಷ ಕಾಯೋರು ಕಮ್ಮಿ, ಅಲ್ವಾ? ಜೀವವಿಮೆ ನಿಧಿಯ ಕನಿಷ್ಠ 50% ಸರ್ಕಾರಿ ಮತ್ತು ಅನುಮೋದಿತ ಬಾಂಡ್‌ಗಳಲ್ಲಿ ಇರಬೇಕು ಅಂತ ವಿಮೆ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ನಿಯಮವೂ ಇದೆ. ಯುಲಿಪ್ (ಕಂತಿನ ದುಡ್ಡನ್ನು ಮಾರುಕಟ್ಟೆಯಲ್ಲಿ ಹೂಡೋ ವಿಮೆ) ಲೆಕ್ಕ ಬೇರೆ. ಅಲ್ಲಿ ಏರಿಳಿತ ನಿಮ್ಮ ತಲೆಗೇ.