ಅಮ್ಮನದು ಎಬಿ, ಅಪ್ಪನದು ಓ, ಮಕ್ಕಳದು ಮಾತ್ರ ಬೇರೆ!

ಪ್ರಶ್ನೆ: ನನ್ನದು ಎಬಿ ಪಾಸಿಟಿವ್, ನಮ್ಮ ಯಜಮಾನರದು ಓ ಪಾಸಿಟಿವ್. ಮಗಳದು ಎ, ಮಗನದು ಬಿ. ಇಬ್ಬರಿಗೂ ನಮ್ಮ ಗುಂಪು ಬಂದಿಲ್ಲ. ಶಾಲೆಯಿಂದ ಬ್ಲಡ್ ಗ್ರೂಪ್ ಚೀಟಿ ಬಂದಾಗಿನಿಂದ ಅತ್ತೆ ಒಂಥರಾ ಮುಖ ಮಾಡಿಕೊಂಡಿದ್ದಾರೆ. ಪ್ರಬಲ ಗುಣ, ದುರ್ಬಲ ಗುಣ ಅಂತ ಹೈಸ್ಕೂಲಿನಲ್ಲಿ ಓದಿದ ನೆನಪು. ಆ ಲೆಕ್ಕದಲ್ಲಿ ನಮ್ಮಿಬ್ಬರಲ್ಲಿ ಒಬ್ಬರದಾದರೂ ಬರಬೇಕಿತ್ತು ಅಲ್ವಾ ಡಾಕ್ಟ್ರೇ?
– ಹೆಸರು ಬೇಡ, ಹಾಸನ

ಉತ್ತರ: ಬರಬೇಕಾದದ್ದೇ ಬಂದಿದೆ ತಾಯಿ. ನಿಮ್ಮಂಥ ಜೋಡಿಗೆ ಎ ಅಥವಾ ಬಿ ಮಕ್ಕಳೇ ಹುಟ್ಟುವುದು. ಎಬಿ ಅಥವಾ ಓ ಬಂದಿದ್ದರೆ ನಾವು ಡಾಕ್ಟರುಗಳು ಹುಬ್ಬೇರಿಸಬೇಕಿತ್ತು.

ರಕ್ತದ ಗುಂಪಿಗೆ ಪ್ರತಿಯೊಬ್ಬರಲ್ಲೂ ಎರಡು ವಂಶವಾಹಿ ಇರುತ್ತವೆ. ಒಂದು ಅಮ್ಮ ಕೊಟ್ಟದ್ದು, ಇನ್ನೊಂದು ಅಪ್ಪ ಕೊಟ್ಟದ್ದು. ನಿಮ್ಮಲ್ಲಿರುವುದು ಒಂದು ಎ, ಒಂದು ಬಿ. ಮಗುವಿಗೆ ಅದರಲ್ಲಿ ಒಂದನ್ನಷ್ಟೇ ಕೊಡಬಲ್ಲಿರಿ. ನಿಮ್ಮ ಯಜಮಾನರಲ್ಲಿ ಎರಡೂ ಓ, ಹಾಗಾಗಿ ಅವರು ಕೊಡುವುದು ಓ ಮಾತ್ರ. ನಿಮ್ಮಿಂದ ಎ ಪಡೆದ ಮಗಳು ಎ ಆದಳು, ಬಿ ಪಡೆದ ಮಗ ಬಿ ಆದ.

ಹಾಗಾದರೆ ಅಪ್ಪ ಕೊಟ್ಟ ಓ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಮಕ್ಕಳಲ್ಲೇ ಇದೆ. ಪ್ರಬಲ ಎಂದ ಕೂಡಲೇ ಒಂದು ಇನ್ನೊಂದನ್ನು ತುಳಿದು ಕೂರುತ್ತದೆ ಅಂದುಕೊಳ್ಳುತ್ತೇವೆ. ಹೈಸ್ಕೂಲ್ ಪಾಠ ಬಿಟ್ಟುಹೋಗುವ ತಪ್ಪು ಕಲ್ಪನೆ ಇದು. ನಿಜವಾಗಿ ಆಗುವುದು ಇಷ್ಟು: ಎ ವಂಶವಾಹಿ ಕೆಂಪು ರಕ್ತಕಣದ ಮೈಮೇಲೆ ಒಂದು ಬಗೆಯ ಸಕ್ಕರೆ ಅಂಟಿಸುತ್ತದೆ. ಬಿ ಇನ್ನೊಂದು ಬಗೆಯ ಸಕ್ಕರೆ ಅಂಟಿಸುತ್ತದೆ. ಓ ಏನನ್ನೂ ಅಂಟಿಸದೆ ಸುಮ್ನೆ ಕೂತಿರುತ್ತದೆ. ಕೆಲಸ ಮಾಡುವವನ ಪಕ್ಕ ಸುಮ್ನೆ ಕೂತವನಿದ್ದರೆ ಕಾಣುವುದು ಮಾಡಿದವನ ಕೆಲಸ ತಾನೇ? ಎ ಮತ್ತು ಬಿ ಒಟ್ಟಿಗೆ ಬಂದರೆ ಎರಡೂ ಕೆಲಸ ಮಾಡುತ್ತವೆ, ಎರಡು ಸಕ್ಕರೆಯೂ ಅಂಟುತ್ತವೆ. ಅದೇ ನಿಮ್ಮ ಎಬಿ. ಇದಕ್ಕೆ ಸಹಪ್ರಬಲತೆ ಎನ್ನುತ್ತಾರೆ.

ನಿಮ್ಮ ಅತ್ತೆಯವರನ್ನು ದೂರಬೇಡಿ. 1924ರವರೆಗೆ ವಿಜ್ಞಾನಿಗಳ ಲೆಕ್ಕವೂ ತಪ್ಪೇ ಆಗಿತ್ತು. ಎ ಮತ್ತು ಬಿ ಎರಡು ಬೇರೆ ಬೇರೆ ಜಾಗದ ವಂಶವಾಹಿಗಳು ಎಂದು ನಂಬಿದ್ದರು. ಆ ಲೆಕ್ಕದಲ್ಲಿ ನಿಮಗೆ ಎಬಿ ಮಗುವೂ ಹುಟ್ಟಬಹುದಿತ್ತು, ಓ ಮಗುವೂ ಹುಟ್ಟಬಹುದಿತ್ತು. ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಜರ್ಮನಿಯ ಗಣಿತಜ್ಞ ಜನರ ರಕ್ತದ ಗುಂಪಿನ ಅಂಕಿ ಅಂಶ ಹರಡಿಕೊಂಡು ಕೂತು, ಇದು ಒಂದೇ ಜಾಗ, ಅಲ್ಲಿ ಕೂರಬಲ್ಲವು ಮೂರು ಬಗೆ ಎಂದು ತೋರಿಸಿದರು. ವೈದ್ಯರಿಗೆ ಬಿಡಿಸಲಾಗದ ಗಂಟನ್ನು ಲೆಕ್ಕದ ಮೇಷ್ಟ್ರು ಬಿಡಿಸಿದ್ದು ನನಗೆ ಇಂದಿಗೂ ಖುಷಿಯ ವಿಷಯ.

ಇಷ್ಟಾದರೂ ಚೀಟಿ ನೋಡಿ ತೀರ್ಪು ಕೊಡುವುದು ಬೇಡ. 1952ರಲ್ಲಿ ಬಾಂಬೆಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಜೊತೆಗಾರರು ಯಾವ ಗುಂಪಿಗೂ ಹೊಂದದ ರಕ್ತವೊಂದನ್ನು ವರದಿ ಮಾಡಿದರು. ಎ, ಬಿ ಸಕ್ಕರೆಗಳು ಅಂಟಬೇಕಾದರೆ ಕಣದ ಮೇಲೆ ಮೊದಲು ಎಚ್ ಎಂಬ ವಸ್ತು ಇರಬೇಕು. ಗೋಡೆಯಲ್ಲಿ ಮೊಳೆಯೇ ಇಲ್ಲದಿದ್ದರೆ ಫೋಟೋ ಎಲ್ಲಿ ತೂಗುಹಾಕುತ್ತೀರಿ? ಈ ಮೊಳೆ ಮಾಡುವ ವಂಶವಾಹಿ ಇರುವುದು ಬೇರೆಯೇ ವರ್ಣತಂತುವಿನಲ್ಲಿ (ವಂಶವಾಹಿಗಳನ್ನು ಹೊತ್ತಿರುವ ಎಳೆ, ಕ್ರೋಮೋಸೋಮ್), 19ನೆಯದರಲ್ಲಿ. ಎ, ಬಿ, ಓ ಇರುವುದು 9ನೆಯದರಲ್ಲಿ. ಮೊಳೆಯ ವಂಶವಾಹಿ ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟೇ ಬಂದರೆ, ಒಳಗೆ ಎ ಅಥವಾ ಬಿ ಇದ್ದರೂ ಹೊರಗೆ ಕಾಣುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಬರುತ್ತದೆ. ಅಂಥ ತಾಯಿಗೆ ಓ ಗಂಡನಿಂದ ಬಿ ಮಗು ಹುಟ್ಟಬಹುದು. ಯಾರ ತಪ್ಪೂ ಅಲ್ಲ.

ಇದೇ ಬಾಂಬೆ ಗುಂಪು. ಬೇರೆಡೆಗಿಂತ ಭಾರತದಲ್ಲಿ ಜಾಸ್ತಿ. ನಮ್ಮಲ್ಲಿ ಸೋದರಮಾವ, ಅತ್ತೆಯ ಮಗ ಅಂತ ಸಂಬಂಧದೊಳಗೇ ಮದುವೆ ಮಾಡುತ್ತೇವಲ್ಲ, ಒಂದೇ ಕೆಟ್ಟ ವಂಶವಾಹಿ ಎರಡು ಕಡೆಯಿಂದ ಬಂದು ಸೇರುವ ಸಾಧ್ಯತೆ ಅಲ್ಲಿ ಹೆಚ್ಚು. ಇವರಿಗೆ ಓ ರಕ್ತ ಕೊಟ್ಟರೂ ಅಪಾಯ, ಬಾಂಬೆ ಗುಂಪಿನವರದೇ ಬೇಕು. ರಕ್ತ ಕೊಡುವ ಮುಂಚೆ ಪ್ರತಿ ಸಲ ಹೊಂದಾಣಿಕೆ ಪರೀಕ್ಷೆ ಮಾಡಲು ಇದೂ ಒಂದು ಕಾರಣ.

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಕೆಂಪು ಮತ್ತು ಬಿಳಿ ಸಂಜೆಮಲ್ಲಿಗೆ ಇದ್ದವು. ಈ ಸಲ ತಾನಾಗಿ ಹುಟ್ಟಿದ ಗಿಡದಲ್ಲಿ ಗುಲಾಬಿ ಬಣ್ಣದ ಹೂ! ಇದೂ ಸಹಪ್ರಬಲತೆಯೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

ಉತ್ತರ: ಅಲ್ಲಮ್ಮ. ಸಹಪ್ರಬಲತೆಯಲ್ಲಿ ಎರಡೂ ಪೂರ್ತಿ ಕಾಣುತ್ತವೆ, ಬೆರೆಯುವುದಿಲ್ಲ. ಇಲ್ಲಿ ಕೆಂಪು ಬಣ್ಣ ಮಾಡುವ ವಂಶವಾಹಿ ಎರಡರ ಬದಲು ಒಂದೇ ಇದೆ. ಬಣ್ಣ ಸಾಲದೆ ತೆಳುವಾಗಿದೆ. ಇದು ಅಪೂರ್ಣ ಪ್ರಬಲತೆ. ಗುಲಾಬಿ ಹೂವಿಗೆ ಅದರದೇ ಪರಾಗ ಮುಟ್ಟಿಸಿ, ಬೇರೆ ಪರಾಗ ತಾಗದಂತೆ ಕಟ್ಟಿಡಿ. ಕಾಳುಮೆಣಸಿನಂಥ ಬೀಜಗಳನ್ನು ಮುಂದಿನ ಮಳೆಗಾಲಕ್ಕೆ ಬಿತ್ತಿ. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ ಬರಬೇಕು. ನಾಲ್ಕೇ ಬೀಜ ಬಿತ್ತಿ ಲೆಕ್ಕ ಹಾಕಬೇಡಿ, ಐವತ್ತಾದರೂ ಬೇಕು. ಹಿತ್ತಲಲ್ಲಿ ಹಳದಿ ಹೂವಿನ ಗಿಡವೂ ಇದ್ದರೆ ಲೆಕ್ಕ ತಲೆಕೆಳಗಾದೀತು, ಮೊದಲೇ ಹೇಳಿದ್ದೇನೆ.