ಗಾಣಗಾಪುರ ಅಂತ ಹೇಳಿ ಹೈದರಾಬಾದಿಗೆ ಹೋದೆ, ಇದ್ದ ನೌಕರಿ ಹೋಯಿತು

ಪ್ರಶ್ನೆ: ನಾನು 29 ವರ್ಷದ ಹೆಣ್ಣುಮಗಳು. ಬಿ.ಕಾಂ. ಮುಗಿಸಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಸಗಟು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. 6 ವರ್ಷ 4 ತಿಂಗಳಾಗಿತ್ತು. ಪಗಾರ 15,600 ರೂಪಾಯಿ, ಬ್ಯಾಂಕಿಗೆ ಬೀಳುತ್ತಿತ್ತು. ಅಂಗಡಿಯಲ್ಲಿ 14 ಜನ ಇದ್ದೇವೆ. ಎರಡು ವರ್ಷದಿಂದ ಪಗಾರ ಏರಿಲ್ಲ. ಹೋದ ತಿಂಗಳು ಗಾಣಗಾಪುರಕ್ಕೆ ಹೋಗುತ್ತೇನೆ ಅಂತ ಒಂದು ದಿನ ರಜೆ ಕೇಳಿ ಹೈದರಾಬಾದಿಗೆ ಸಂದರ್ಶನಕ್ಕೆ ಹೋಗಿಬಂದೆ. ಅಲ್ಲಿಯವರು ನನ್ನ ಬಗ್ಗೆ ವಿಚಾರಿಸಲು ನಮ್ಮ ಮಾಲಕರಿಗೇ ಫೋನ್ ಮಾಡಿಬಿಟ್ಟರು. ಮಾಲಕರು ಎಲ್ಲರ ಮುಂದೆ, "ದೇವರ ಹೆಸರಿಲೆ ಸುಳ್ಳ ಹೇಳ್ತಿ? ನಾಳಿಂದ ಬರಬ್ಯಾಡ" ಅಂದರು. 19 ದಿನದ ಪಗಾರ ಕೊಟ್ಟಿಲ್ಲ. ಸೇರುವಾಗ ಇಸಿದುಕೊಂಡ ಮೂಲ ಅಂಕಪಟ್ಟಿಗಳೂ ಅವರ ಕಪಾಟಿನಲ್ಲೇ ಇವೆ. "ನಾನೇ ಬಿಟ್ಟೀನಿ ಅಂತ ಬರದುಕೊಡು, ಆಮ್ಯಾಲ ನೋಡಣ" ಅನ್ನುತ್ತಾರೆ. ಎರಡು ವರ್ಷ ಬೇರೆ ಬಟ್ಟೆ ಅಂಗಡಿಗೂ ಹೋಗಬಾರದಂತೆ. ಅಪ್ಪ ಮಾತ್ರ, "ಉಪ್ಪುಂಡ ಮನಿ, ಹೋಗಿ ಕ್ಷಮಾ ಕೇಳು" ಅಂತ ದಿನಾ ಹೇಳುತ್ತಾರೆ. ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪೇ? ಬರೆದುಕೊಡಲೇ?
– ಹೆಸರು ಬೇಡ, ಕಲಬುರಗಿ

ಉತ್ತರ: ಬರೆದುಕೊಡಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ, ಆದರೆ ಈ ಪತ್ರ ಓದಿ ಮುಗಿಯುವವರೆಗಾದರೂ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಮೊದಲು ಆ ಉಪ್ಪಿನ ಮಾತು. ಆರು ವರ್ಷ ನೀವು ಅಲ್ಲಿ ಉಂಡದ್ದು ದಾನದ ಉಪ್ಪಲ್ಲ. ತಿಂಗಳಿಡೀ ಲೆಕ್ಕ ಬರೆದು, ಅದಕ್ಕೆ ಪಗಾರ ತಗೊಂಡಿದ್ದೀರಿ. ಆ ಲೆಕ್ಕ ತಿಂಗಳ ಕೊನೆಗೆ ಚುಕ್ತಾ ಆಗುತ್ತದೆ. ನಿಮ್ಮ ಮಾಲಕರನ್ನೇ ನೋಡಿ. ಸೂರತ್‌ನ ಒಬ್ಬ ವ್ಯಾಪಾರಿ ಮೀಟರಿಗೆ ಎರಡು ರೂಪಾಯಿ ಕಡಿಮೆ ಹೇಳಿದರೆ ಹಳೆಯವನನ್ನು ಬಿಟ್ಟು ಅವನ ಹತ್ತಿರ ಮಾಲು ತರುವುದಿಲ್ಲವೇ? ಅದಕ್ಕೆ ಯಾರೂ ದ್ರೋಹ ಅನ್ನುವುದಿಲ್ಲ, ವ್ಯಾಪಾರ ಅನ್ನುತ್ತಾರೆ. ನೀವು ನಿಮ್ಮ ದುಡಿಮೆಗೆ ಬೇರೆ ಕಡೆ ಬೆಲೆ ಕೇಳಿದಿರಿ. ಅದೂ ರಜೆಯ ದಿನ. ಅಂಗಡಿಯ ಗಿರಾಕಿಗಳ ಪಟ್ಟಿ ಹೊತ್ತೊಯ್ದಿದ್ದರೆ, ಅಂಗಡಿಯ ವೇಳೆಯಲ್ಲಿ ಬೇರೆಯವರ ಕೆಲಸ ಮಾಡಿಕೊಟ್ಟಿದ್ದರೆ ನಾನು ಬೇರೆ ಥರ ಬರೆಯುತ್ತಿದ್ದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ.

ಗಾಣಗಾಪುರದ ಸುಳ್ಳು ಮಾತ್ರ ಸುಳ್ಳೇ. "ಸ್ವಂತ ಕೆಲಸ ಇದೆ" ಅಂದಿದ್ದರೆ ಸಾಕಿತ್ತು, ದತ್ತಾತ್ರೇಯನನ್ನು ಸಾಕ್ಷಿಗೆ ಎಳೆಯುವ ಅಗತ್ಯ ಇರಲಿಲ್ಲ. ನಾನೂ ಒಮ್ಮೆ ಹೊಟ್ಟೆನೋವು ಅಂತ ಹೇಳಿ ಸೋಲಾಪುರಕ್ಕೆ ಸಂದರ್ಶನಕ್ಕೆ ಹೋಗಿದ್ದೆ. ವಾಪಸ್ ಬರುವಾಗ ರೈಲಿನಲ್ಲಿ ನಿಜವಾಗಲೂ ಹೊಟ್ಟೆನೋವು ಬಂತು. ಮನಸ್ಸು ಕೊರೆಯುತ್ತಿದ್ದರೆ ಆ ಒಂದು ಸುಳ್ಳಿಗೆ ಬಾಯಿಮಾತಿನಲ್ಲಿ ಕ್ಷಮೆ ಕೇಳಿ. ಬರವಣಿಗೆಯಲ್ಲಿ ಬೇಡ. ಬೇರೆ ನೌಕರಿ ಹುಡುಕಿದ್ದಕ್ಕಂತೂ ಬೇಡವೇ ಬೇಡ.

ಈಗ ಕಾನೂನು. "ಬೇರೆ ನೌಕರಿ ಹುಡುಕಿದವರನ್ನು ತೆಗೆಯಬಾರದು" ಅಂತ ನೇರವಾಗಿ ಹೇಳುವ ಕಾನೂನು ನಮ್ಮಲ್ಲಿಲ್ಲ. ಆದರೆ ಅಂಗಡಿಗಳಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ 39ನೇ ಕಲಂ ನಿಮಗಾಗಿಯೇ ಬರೆದಂತಿದೆ. ಸತತ 6 ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ ತೆಗೆಯುವಂತಿಲ್ಲ. ಕಾರಣ ಇದ್ದರೂ ಒಂದು ತಿಂಗಳು ಮೊದಲು ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಪಗಾರ ಕೊಡಬೇಕು. ನೌಕರಳೇ ದುರ್ನಡತೆ ತೋರಿದ್ದಾಳೆ, ಅದಕ್ಕೇ ನೋಟಿಸ್ ಕೊಟ್ಟಿಲ್ಲ ಅನ್ನುವುದಾದರೆ ವಿಚಾರಣೆ ನಡೆಸಿ, ಪುರಾವೆ ದಾಖಲಿಸಿ, ಅದನ್ನು ತೋರಿಸಬೇಕು. ಗಲ್ಲೆಯ ಮುಂದೆ ನಿಂತು ಕೂಗಾಡಿದ್ದು ವಿಚಾರಣೆ ಆಗುವುದಿಲ್ಲ. ಹೀಗೆ ತೆಗೆದದ್ದರ ಮೇಲೆ ಮೇಲ್ಮನವಿಗೂ ದಾರಿ ಇದೆ. ಅದಕ್ಕೆ ಅವಧಿಯ ಮಿತಿ ಇರುತ್ತದೆ, ಹಬ್ಬ ಮುಗಿಯಲಿ ಅಂತ ಕೂರಬೇಡಿ.

ಮಾಲಕರಿಗೆ ನಿಮ್ಮ ಕೈಬರಹದ ರಾಜೀನಾಮೆ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ವಾ? ನೀವೇ ಬಿಟ್ಟಿರಿ ಅಂತಾದರೆ ನೋಟಿಸಿನ ಪಗಾರವೂ ಇಲ್ಲ, ಕಾರಣ ಕೊಡುವ ತಲೆನೋವೂ ಇಲ್ಲ. ಒಂದೇ ಸಾಲಿನ ಕಾಗದ, ಅವರಿಗೆ ಉಳಿಯುವುದು 15,600 ರೂಪಾಯಿ.

19 ದಿನದ ಪಗಾರಕ್ಕೂ ರಾಜೀನಾಮೆಗೂ ಸಂಬಂಧವೇ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ತೆಗೆದರೂ ಸರಿ, ತಾವೇ ಬಿಟ್ಟರೂ ಸರಿ, ಬಾಕಿ ಪಗಾರ ಎರಡು ಕೆಲಸದ ದಿನದೊಳಗೆ ಕೈಸೇರಬೇಕು.

ಇನ್ನೊಂದು ದುಡ್ಡಿನ ಮಾತನ್ನು ನೀವು ಎತ್ತಿಯೇ ಇಲ್ಲ. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಮಾಲಕರು ಕೊಡಬೇಕಾದ ಇಡಿಗಂಟು. 10 ಅಥವಾ ಹೆಚ್ಚು ಜನ ಇರುವ ಅಂಗಡಿಗೂ ಅದು ಅನ್ವಯಿಸುತ್ತದೆ, ನೀವು 14 ಜನ ಇದ್ದೀರಿ. 5 ವರ್ಷ ದಾಟಿದವರಿಗೆ ಪ್ರತಿ ವರ್ಷಕ್ಕೆ 15 ದಿನದ ಪಗಾರ, ತಿಂಗಳಿಗೆ 26 ದಿನದ ಲೆಕ್ಕದಲ್ಲಿ. ನಿಮ್ಮ ಪಗಾರವನ್ನು ಬೇಸಿಕ್, ಭತ್ಯೆ ಅಂತ ಒಡೆದಿಲ್ಲ ಅಂದುಕೊಂಡರೆ ದಿನಕ್ಕೆ 600 ಆಯಿತು. 15 ದಿನಕ್ಕೆ 9,000. ಆರು ವರ್ಷಕ್ಕೆ 54,000 ರೂಪಾಯಿ. ಮೇಲಿನ 4 ತಿಂಗಳು ಲೆಕ್ಕಕ್ಕೆ ಬರುವುದಿಲ್ಲ, 6 ತಿಂಗಳು ದಾಟಿದ್ದರೆ ಬರುತ್ತಿತ್ತು. 30 ದಿನದೊಳಗೆ ಕೊಡಬೇಕು. ಊರಿಗೆಲ್ಲ ಲೆಕ್ಕ ಬರೆಯುವ ನೀವು ನಿಮ್ಮ ಲೆಕ್ಕವನ್ನೇ ಬರೆದುಕೊಂಡಿಲ್ಲ ನೋಡಿ!

ಅಂಕಪಟ್ಟಿ ನಿಮ್ಮ ಆಸ್ತಿ. ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಮಾಲಕರಿಗೂ ಇಲ್ಲ. ಎರಡು ವರ್ಷ ಬೇರೆ ಅಂಗಡಿಗೆ ಹೋಗಬಾರದು ಅನ್ನುವ ಬೆದರಿಕೆಗೂ ಹೆದರಬೇಡಿ. ಕೆಲಸ ಬಿಟ್ಟ ಮೇಲೂ ದುಡಿಯದಂತೆ ತಡೆಯುವ ಕರಾರು 1872ರ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ. ನಿಮ್ಮದು ಬರೀ ಬಾಯಿಮಾತು, ಕರಾರೂ ಅಲ್ಲ.

ನೇಮಕಾತಿ ಪತ್ರ ಇಲ್ಲದಿದ್ದರೆ ಏನು ಮಾಡುವುದು ಅಂತ ಚಿಂತೆ ಇರಬಹುದು. ಪಗಾರ ಬ್ಯಾಂಕಿಗೆ ಬಿದ್ದಿದೆಯಲ್ಲ, ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ಬ್ಯಾಂಕಿನಿಂದ ಆರು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ. ಮಾಲಕರು ವಾಟ್ಸಾಪಿನಲ್ಲಿ "ಆ ಬಿಲ್ ಹಾಕಿದೆಯಾ" ಅಂತ ಕೇಳಿದ ಮೆಸೇಜುಗಳು, ದೀಪಾವಳಿ ಪೂಜೆಯಲ್ಲಿ ಎಲ್ಲರೂ ಅಂಗಡಿಯಲ್ಲಿ ತೆಗೆಸಿಕೊಂಡ ಫೋಟೊ, ಎಲ್ಲ ಜೋಡಿಸಿಡಿ. ಅಂಗಡಿಯ ಕಂಪ್ಯೂಟರಿನ ಲೆಕ್ಕ ಮಾತ್ರ ಮುಟ್ಟಬೇಡಿ. ಪಾಸ್‌ವರ್ಡ್ ಇನ್ನೂ ನೆನಪಿದ್ದರೂ.

ಆಮೇಲೆ ಮಾಲಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿ. ಸಿಟ್ಟು ಬೇಡ, ಬೈಗುಳ ಬೇಡ. ಹೀಗಿದ್ದರೆ ಸಾಕು: "ಇಂಥ ತಾರೀಖು ನನ್ನನ್ನು ಬಾಯಿಮಾತಿನಲ್ಲಿ ಕೆಲಸದಿಂದ ತೆಗೆದಿದ್ದೀರಿ. ನಾನು ರಾಜೀನಾಮೆ ಕೊಟ್ಟಿಲ್ಲ. 19 ದಿನದ ಪಗಾರ, ಒಂದು ತಿಂಗಳ ನೋಟಿಸ್ ಪಗಾರ, ಗ್ರಾಚ್ಯುಟಿ ಹಾಗೂ ನನ್ನ ಮೂಲ ಅಂಕಪಟ್ಟಿಗಳನ್ನು ಕೊಡಬೇಕು." ನಕಲು, ರಸೀದಿ ಇಟ್ಟುಕೊಳ್ಳಿ. ಅನುಭವದ ಪತ್ರವನ್ನೂ ಕೇಳಿ, ಕೇಳಲು ದುಡ್ಡು ಕೊಡಬೇಕಿಲ್ಲವಲ್ಲ.

ಎಷ್ಟೋ ಮಾಲಕರು ಈ ಪತ್ರ ನೋಡಿದ ಮೇಲೆ ತಾವೇ ಫೋನ್ ಮಾಡುತ್ತಾರೆ. ಮಾಡದಿದ್ದರೆ ಅದೇ ನಕಲು ಹಿಡಿದು ಕಲಬುರಗಿಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ಲಿಖಿತ ದೂರು ಕೊಡಿ. ವಕೀಲರ ಖರ್ಚಿಗೆ ಹೆದರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಕಾರ್ಮಿಕ ನ್ಯಾಯಾಲಯವೂ ಕಲಬುರಗಿಯಲ್ಲೇ ಇದೆ, ಅದಕ್ಕಾಗಿ ಬೆಂಗಳೂರಿಗೆ ಬಸ್ ಹತ್ತಬೇಕಿಲ್ಲ.

ಅದೇ ನೌಕರಿ ವಾಪಸ್ ಬೇಕು ಅಂತ ಹೋರಾಡಬೇಕೇ? ಹೋರಾಡಬಹುದು. ನಾನಂತೂ ಹೇಳುವುದಿಲ್ಲ. ಗೆದ್ದರೂ ಅದೇ ಗಲ್ಲೆ, ಅದೇ ಮುಖ. ನೀವು ಹೇಗೂ ಬಿಡಲು ಹೊರಟಿದ್ದಿರಿ. ದುಡ್ಡು, ಕಾಗದ ಎರಡನ್ನೂ ಬಿಡದೆ ವಸೂಲು ಮಾಡಿಕೊಂಡು ಮುಂದೆ ಹೋಗಿ.

ಹೈದರಾಬಾದಿನವರಿಗೆ ನೀವೇ ಫೋನ್ ಮಾಡಿ. "ನೀವು ಈಗಿನ ಮಾಲಕರನ್ನೇ ವಿಚಾರಿಸಿದಿರಿ, ಅದರಿಂದ ನನ್ನ ಕೆಲಸ ಹೋಯಿತು, ನಾನು ನಾಳೆಯೇ ಸೇರಬಲ್ಲೆ" ಅಂತ ನೇರವಾಗಿ ಹೇಳಿ. ನಿಮ್ಮನ್ನು ಒಂದು ಮಾತು ಕೇಳದೆ ಫೋನ್ ಮಾಡಿದ್ದು ಅವರ ತಪ್ಪು. ಸ್ವಲ್ಪ ಮುಜುಗರ ಅವರಿಗೂ ಆಗಲಿ.

ಅಪ್ಪನ ಮುಂದೆ ಕಾನೂನು ಓದಬೇಡಿ. ಒಂದು ಹಾಳೆಯಲ್ಲಿ 54,000, 15,600, 19 ದಿನದ ಪಗಾರ ಅಂತ ಬರೆದು ತೋರಿಸಿ. ಉಪ್ಪಿನ ಋಣ ಯಾರ ಮೇಲಿದೆ ಅಂತ ಅವರೇ ಕೂಡಿಸಿ ನೋಡಲಿ.

ಪತ್ರ ಪೋಸ್ಟ್ ಮಾಡಿದ ಮೇಲೆ ಬಿಡುವು ಮಾಡಿಕೊಂಡು ಗಾಣಗಾಪುರಕ್ಕೂ ಹೋಗಿಬನ್ನಿ. ಈ ಸಲ ರಜೆ ಕೇಳಬೇಕಿಲ್ಲ.